ಹಳೆಯ ಫ್ಲ್ಯಾಟ್‌ಬೆಡ್ ಪ್ರಿಂಟರ್ ಕೆಟ್ಟರೆ ರಿಪೇರಿಯವರು ಎಲ್ಲಿ ಸಿಗುತ್ತಾರೆ? ಕಾರವಾರ, ಕುಮಟಾ, ಶಿರಸಿ ಕಡೆಯವರಿಗೊಂದು ಮಾರ್ಗದರ್ಶಿ

"ಸೆಕೆಂಡ್ ಹ್ಯಾಂಡ್ ಯುವಿ ಫ್ಲ್ಯಾಟ್‌ಬೆಡ್ ತಗೊಂಡಿದ್ದೇವೆ. ಈಗ ಒಂದು ಕಲರ್ ಬರ್ತಾ ಇಲ್ಲ. ನಮ್ಮ ಕಡೆ ಯಾರಾದ್ರೂ ರಿಪೇರಿ ಮಾಡುವವರು ಇದ್ದಾರಾ?"

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಒಮ್ಮೆ ಅಂಕೋಲೆಯಿಂದ, ಒಮ್ಮೆ ಶಿರಸಿಯಿಂದ, ಇನ್ನೊಮ್ಮೆ ಭಟ್ಕಳದಿಂದ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಹೊಸಬರಿಗೆ ಮೊದಲು ಒಂದೆರಡು ಮಾತು. ಫ್ಲ್ಯಾಟ್‌ಬೆಡ್ ಅಂದರೆ ಅಕ್ರಿಲಿಕ್, ಸನ್‌ಬೋರ್ಡ್ (ಹಗುರ ಫೋಮ್ ಶೀಟ್), ಎಸಿಪಿ (ಅಲ್ಯೂಮಿನಿಯಂ ಪದರದ ಶೀಟ್), ಟೈಲ್ಸ್, ಗಾಜು, ಪ್ಲೈವುಡ್ ಇಂಥ ಗಟ್ಟಿ ಶೀಟನ್ನು ಮೇಜಿನ ಮೇಲೆ ಮಲಗಿಸಿ ಅದರ ಮೇಲೇ ಪ್ರಿಂಟ್ ಮಾಡುವ ಮಷಿನ್. ಹೆಡ್ ಇಂಕ್ ಚಿಮ್ಮಿಸುತ್ತದೆ, ಪಕ್ಕದಲ್ಲೇ ಓಡುವ ಯುವಿ ದೀಪ ಅದನ್ನು ಆ ಕ್ಷಣಕ್ಕೇ ಒಣಗಿಸುತ್ತದೆ. 2513 ಎಂದು ಕರೆಯುವ ಮಷಿನ್‌ನ ಬೆಡ್ ಸುಮಾರು 2.5 ಮೀಟರ್ ಉದ್ದ, 1.3 ಮೀಟರ್ ಅಗಲ. 8 ಅಡಿಗೆ 4 ಅಡಿಯ ಶೀಟ್ ಪೂರ್ತಿ ಕೂರುತ್ತದೆ. ಇಷ್ಟು ದೊಡ್ಡದನ್ನು ಲಾರಿಗೆ ಹಾಕಿ ಘಟ್ಟ ಹತ್ತಿಸಿ ರಿಪೇರಿಗೆ ಒಯ್ಯುವ ಮಾತೇ ಇಲ್ಲ. ರಿಪೇರಿಯವರೇ ನಿಮ್ಮಲ್ಲಿಗೆ ಬರಬೇಕು. ಹಾಗಾಗಿ ಯಾರನ್ನು ಕರೆಸುತ್ತೀರಿ, ಯಾವ ಕೆಲಸಕ್ಕೆ ಕರೆಸುತ್ತೀರಿ ಅನ್ನುವುದು ತುಂಬಾ ಮುಖ್ಯ.

ನಮ್ಮಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದಿದೆ. ಈ ಮಷಿನ್ ಪೂರ್ತಿ ಗೊತ್ತಿರುವ ಒಬ್ಬನೇ ಮೆಕ್ಯಾನಿಕ್‌ನನ್ನು ಹುಡುಕುತ್ತಾ ಕೂರುತ್ತೇವೆ. ಆದರೆ ಕವರ್ ತೆಗೆದು ನೋಡಿ. ಮೋಟಾರು ಮತ್ತು ರೈಲಿನ ಭಾಗ ಸಿಎನ್‌ಸಿ ರೂಟರ್‌ನಲ್ಲಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ, ಶೀಟ್ ಕೊರೆಯುವ ಮಷಿನ್‌ನಲ್ಲಿ, ಇರುವಂಥದ್ದೇ. ದೀಪ ತಣ್ಣಗಿಡುವ ಚಿಲ್ಲರ್ ಫ್ರಿಜ್ಜಿನ ಜಾತಿಯದ್ದು. ಶೀಟನ್ನು ಹಿಡಿದಿಡುವ ವ್ಯಾಕ್ಯೂಮ್ ಬರೀ ಒಂದು ಬ್ಲೋವರ್. ಪವರ್ ಸಪ್ಲೈ ಎಲ್ಲ ಕಡೆ ಸಿಗುವ ಡಬ್ಬಿ. ವಿಶೇಷವಾಗಿ ಗೊತ್ತಿದ್ದವರೇ ಬೇಕಾಗುವುದು ಹೆಡ್, ಬೋರ್ಡ್ (ಮಷಿನ್ ನಡೆಸುವ ಇಲೆಕ್ಟ್ರಾನಿಕ್ ಸರ್ಕ್ಯೂಟ್) ಮತ್ತು ಇಂಕಿನ ದಾರಿಗೆ ಮಾತ್ರ. ಯಾವ ಭಾಗ ಕೆಟ್ಟಿದೆ ಎಂದು ಗೊತ್ತಾದರೆ ಎಷ್ಟೋ ಸಲ ರಿಪೇರಿಯವರು ನಿಮ್ಮ ಪೇಟೆಯಲ್ಲೇ ಇರುತ್ತಾರೆ.

1. ಮಷಿನ್‌ನ ಜಾತಕ ಬರೆದಿಡಿ

ಯಾರಿಗೇ ಫೋನ್ ಮಾಡಿದರೂ ಮೊದಲು ಕೇಳುವುದು ಇದನ್ನೇ. ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಪ್ರತಿಯೊಂದರ ಲೇಬಲ್ ಫೋಟೋ ತೆಗೆದಿಡಿ.

ಕಂಪನಿ, ಮಾಡೆಲ್, ಸೀರಿಯಲ್ ನಂಬರ್. ಹೆಡ್ ಯಾವುದು, ಎಷ್ಟಿವೆ. ರಿಕೋ ಜೆನ್ 5, ಕೋನಿಕಾ 1024, ಎಪ್ಸನ್ ಐ3200, ಎಕ್ಸ್‌ಪಿ600 ಇವು ನಮ್ಮ ಕಡೆ ಕಾಣುವಂಥವು. ಹೆಡ್ ಬೇರೆಯಾದರೆ ಇಂಕ್ ಬೇರೆ, ಇಂಜಿನಿಯರ್ ಕೂಡ ಬೇರೆ. ಕೆಲವು ಹೆಡ್‌ಗಳ ಲೇಬಲ್ ಮೇಲೆ ವೋಲ್ಟೇಜ್ ಸಂಖ್ಯೆ ಇರುತ್ತದೆ. ಅದು ಒಂದೊಂದು ಹೆಡ್‌ಗೆ ಒಂದೊಂದು. ಇಂಕ್ ಬಿದ್ದು ಲೇಬಲ್ ಅಳಿಸಿಹೋಗುವ ಮುಂಚೆ ಫೋಟೋ ತೆಗೆಯಿರಿ.

ಮುಖ್ಯ ಬೋರ್ಡಿನ ಹೆಸರು ನೋಡಿ. ಚೀನಾ ಮಷಿನ್‌ಗಳಲ್ಲಿ ಬಿವೈಎಚ್‌ಎಕ್ಸ್, ಹೋಸನ್ ಬೋರ್ಡುಗಳು ಜಾಸ್ತಿ. ಹೊರಗಿನ ಹೆಸರು ಏನೇ ಇರಲಿ, ಒಳಗಿನ ಬೋರ್ಡ್ ಗೊತ್ತಿದ್ದವರು ಆ ಮಷಿನ್ ಮುಟ್ಟಬಲ್ಲರು. ಇದು ತುಂಬಾ ಜನರಿಗೆ ಗೊತ್ತಿಲ್ಲ. "ನಮ್ಮ ಕಂಪನಿ ಮುಚ್ಚಿಹೋಗಿದೆ, ಸರ್ವೀಸ್ ಸಿಗಲ್ಲ" ಎಂದು ಕೈಚೆಲ್ಲಿದವರಿಗೆ ನಾನು ಹೇಳುವುದು ಇದನ್ನೇ: ಕಂಪನಿಯ ಹೆಸರು ಬಿಡಿ, ಬೋರ್ಡಿನ ಹೆಸರು ಹಿಡಿದು ಹುಡುಕಿ.

ಆಮೇಲೆ ರಿಪ್. ಅಂದರೆ ನಿಮ್ಮ ಡಿಸೈನ್ ಫೈಲನ್ನು ಹೆಡ್‌ಗೆ ಅರ್ಥವಾಗುವ ಚುಕ್ಕಿಗಳಾಗಿ ಬದಲಿಸುವ ಸಾಫ್ಟ್‌ವೇರ್. ಹೆಚ್ಚಿನವು ಡಾಂಗಲ್ ಇಲ್ಲದೆ ಓಡುವುದಿಲ್ಲ. ಡಾಂಗಲ್ ಅಂದರೆ ಯುಎಸ್‌ಬಿಗೆ ಚುಚ್ಚುವ ಬೀಗದ ಕೈ. ಅದು ನಿಮ್ಮ ಹತ್ತಿರ ಇದೆಯಾ, ಹಳೆಯ ಮಾಲೀಕನ ಹತ್ತಿರವೇ ಉಳಿದಿದೆಯಾ ನೋಡಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಬೋರ್ಡುಗಳಲ್ಲಿ ಮಾರಾಟಗಾರರು ಟೈಮ್ ಲಾಕ್ ಹಾಕಿರುತ್ತಾರೆ. ಕಂತು ಪೂರ್ತಿ ಕಟ್ಟುವವರೆಗೆ ಅವಧಿ ಇರುವ ಪಾಸ್‌ವರ್ಡ್ ಕೊಡುವ ಪದ್ಧತಿ ಅದು. ಹಳೆಯ ಮಾಲೀಕ ಬಾಕಿ ಉಳಿಸಿದ್ದರೆ ಒಂದು ದಿನ ಮಷಿನ್ ಸುಮ್ನೆ ನಿಂತುಬಿಡುತ್ತದೆ. ನೀವು ಹೆಡ್ ಹೋಯಿತು ಅಂದುಕೊಂಡು ಒದ್ದಾಡುತ್ತೀರಿ. ಪಾಸ್‌ವರ್ಡ್ ಶಾಶ್ವತದ್ದಾ ಎಂದು ಮಾರಿದವರನ್ನು ಕೇಳಿ ತಿಳಿದುಕೊಳ್ಳಿ.

2. ತೊಂದರೆ ಯಾವ ಭಾಗದ್ದು ಎಂದು ನೋಡಿ

ನಾಝಲ್ ಚೆಕ್ ಪ್ರಿಂಟ್ ತೆಗೆಯಿರಿ. ನಾಝಲ್ ಅಂದರೆ ಇಂಕ್ ಹೊರಬರುವ ಸೂಕ್ಷ್ಮ ತೂತು. ರಿಕೋ ಜೆನ್ 5ರ ಒಂದು ಹೆಡ್‌ನಲ್ಲಿ 1280 ತೂತುಗಳಿವೆ, ಎಪ್ಸನ್ ಐ3200ರಲ್ಲಿ 3200. ಪ್ರತಿ ತೂತೂ ಒಂದು ಸಣ್ಣ ಗೆರೆ ಎಳೆಯುತ್ತದೆ. ಯಾವ ಗೆರೆ ಇಲ್ಲವೋ ಆ ತೂತು ಕೆಲಸ ಮಾಡುತ್ತಿಲ್ಲ ಅಂತ.

ಒಂದು ಪ್ರಿಂಟ್ ಸಾಲದು. ಐದೈದು ನಿಮಿಷ ಬಿಟ್ಟು ಮೂರು ತೆಗೆಯಿರಿ. ಪಕ್ಕ ಪಕ್ಕ ಇಟ್ಟು ಹೋಲಿಸಿ.

ಮೂರರಲ್ಲೂ ಅದೇ ಜಾಗದ ಗೆರೆಗಳು ಇಲ್ಲ ಅಂದರೆ ಹೆಚ್ಚಾಗಿ ಆ ತೂತುಗಳು ಕಟ್ಟಿರುತ್ತವೆ. ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ ಗೆರೆ ಹೋಗುತ್ತಿದ್ದರೆ ಹೆಡ್ ಚೆನ್ನಾಗಿಯೇ ಇರಬಹುದು. ಇಂಕಿನ ದಾರಿಯಲ್ಲಿ ಗಾಳಿ ಸೇರಿದೆ ಅಥವಾ ನೆಗೆಟಿವ್ ಪ್ರೆಶರ್ ಏರುಪೇರಾಗಿದೆ. ನೆಗೆಟಿವ್ ಪ್ರೆಶರ್ ಅಂದರೆ ಹೆಡ್‌ನ ಇಂಕ್ ಕೆಳಗೆ ಸೋರದಂತೆ ಮೇಲಿನಿಂದ ಹಿಡಿದಿಡುವ ಸಣ್ಣ ಎಳೆತ. ಅದು ಕಡಿಮೆಯಾದರೆ ಹೆಡ್ ತೊಟ್ಟಿಕ್ಕುತ್ತದೆ, ಜಾಸ್ತಿಯಾದರೆ ತೂತಿನಿಂದ ಗಾಳಿ ಒಳಗೆ ಹೋಗುತ್ತದೆ.

ನಾಝಲ್ ಚೆಕ್ ಚೆನ್ನಾಗಿ ಬಂದು, ದೊಡ್ಡ ಶೀಟ್ ಹೊಡೆಯುವಾಗ ಅರ್ಧಕ್ಕೆ ಬಣ್ಣ ತೆಳ್ಳಗಾಗುತ್ತಾ ಹೋಗುತ್ತದೆಯಾ? ಫಿಲ್ಟರ್, ಡ್ಯಾಂಪರ್ ಅಥವಾ ಇಂಕ್ ಪಂಪ್ ನೋಡಿಸಿ. ಡ್ಯಾಂಪರ್ ಅಂದರೆ ಹೆಡ್‌ಗೆ ಸ್ವಲ್ಪ ಮೇಲೆ ಕೂರುವ ಸಣ್ಣ ಇಂಕ್ ಡಬ್ಬಿ, ಒಳಗೆ ಜಾಲರಿ ಇರುತ್ತದೆ. ಬಿಳಿ ಇಂಕಿನಲ್ಲಿ ಈ ತೊಂದರೆ ಮಾಮೂಲು. ಬಿಳಿ ಬಣ್ಣಕ್ಕೆ ಹಾಕುವ ಟೈಟಾನಿಯಂ ಡೈಆಕ್ಸೈಡ್ ಪುಡಿ ಭಾರ. ಮಷಿನ್ ನಾಲ್ಕು ದಿನ ನಿಂತರೆ ತಳಕ್ಕೆ ಇಳಿದು ಗಸಿ ಕಟ್ಟುತ್ತದೆ.

ಒಂದು ಬಣ್ಣ ಪೂರ್ತಿ ಮಾಯ ಅಂದರೆ ಮೊದಲು ಸಬ್ ಟ್ಯಾಂಕ್‌ನಲ್ಲಿ (ಹೆಡ್ ಹತ್ತಿರದ ಸಣ್ಣ ಇಂಕ್ ಟ್ಯಾಂಕ್) ಇಂಕ್ ಇದೆಯಾ ನೋಡಿ. ಇದ್ದು, ಪರ್ಜ್ ಮಾಡಿದಾಗ ಹೆಡ್‌ನಿಂದ ಇಂಕ್ ಸರಿಯಾಗಿ ಇಳಿಯುತ್ತಿದ್ದರೆ ದಾರಿ ಸರಿ ಇದೆ. ಆಗ ಅನುಮಾನ ಕೇಬಲ್ ಮತ್ತು ಬೋರ್ಡಿನ ಮೇಲೆ. ಪರ್ಜ್ ಅಂದರೆ ಒತ್ತಡ ಕೊಟ್ಟು ಇಂಕನ್ನು ಹೊರಗೆ ತಳ್ಳುವುದು.

ನಾಝಲ್ ಚೆಕ್ ಮುತ್ತಿನಂತಿದ್ದು ಚಿತ್ರ ಮಾತ್ರ ಎರಡೆರಡಾಗಿ ಕಾಣುತ್ತಿದ್ದರೆ ಹೆಡ್‌ಗೆ ಕೈ ಹಾಕಲೇಬೇಡಿ. ಅದು ಹೆಚ್ಚಾಗಿ ಎನ್‌ಕೋಡರ್ ಪಟ್ಟಿ, ಬೆಲ್ಟ್ ಅಥವಾ ರೈಲಿನ ಕೆಲಸ. ಎನ್‌ಕೋಡರ್ ಪಟ್ಟಿ ಅಂದರೆ ಕ್ಯಾರೇಜ್ (ಹೆಡ್ ಹೊತ್ತು ಆಚೀಚೆ ಓಡುವ ಭಾಗ) ಓಡುವ ದಾರಿಯುದ್ದಕ್ಕೂ ಎಳೆದಿರುವ ತೆಳುವಾದ ರಿಬ್ಬನ್. ಹೆಡ್ ಎಲ್ಲಿದೆ ಎಂದು ಮಷಿನ್‌ಗೆ ತಿಳಿಯುವುದು ಅದರ ಮೇಲಿನ ಗುರುತುಗಳಿಂದ. ನಮ್ಮ ತೇವಕ್ಕೆ ಅದರ ಮೇಲೆ ಧೂಳು ಅಂಟಿ ಪದರ ಕಟ್ಟುತ್ತದೆ. ನೂಲು ಬಿಡದ ಬಟ್ಟೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಒದ್ದೆ ಮಾಡಿ, ಹಿಂಡಿ, ಹಗುರಾಗಿ ಒರೆಸಿ. ತಿನ್ನರ್ ಹಾಕಿದರೆ ಗುರುತುಗಳೇ ಹೋಗುತ್ತವೆ.

ಇಂಕ್ ಉಗುರಿಗೆ ಎದ್ದು ಬರುತ್ತಿದೆಯಾ? ದೀಪ ಅಥವಾ ಚಿಲ್ಲರ್ ನೋಡಿ. ಎಲ್‌ಇಡಿ ದೀಪಕ್ಕೆ ತಣ್ಣೀರು ಸರಿಯಾಗಿ ಹರಿಯದಿದ್ದರೆ ಅದು ಆಫ್ ಆಗುತ್ತದೆ, ಇಲ್ಲವೇ ಬೆಳಕು ಕಡಿಮೆಯಾಗುತ್ತದೆ. ದೀಪದ ಕಡೆಗೆ ಬರಿಗಣ್ಣಿನಲ್ಲಿ ನೋಡಬೇಡಿ.

3. ರಿಪೇರಿಯವರು ಬರುವ ತನಕ ಇವನ್ನು ಮಾಡಬೇಡಿ

ಮಷಿನ್ ಆನ್ ಇದ್ದಾಗ ಹೆಡ್ ಕೇಬಲ್ ಎಳೆಯಬೇಡಿ, ಚುಚ್ಚಬೇಡಿ. ಆಫ್ ಮಾಡಿ, ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟ ಮೇಲೂ ಗೊತ್ತಿಲ್ಲದವರು ಮುಟ್ಟದಿರುವುದೇ ಒಳ್ಳೆಯದು. ಹೆಡ್‌ಗೆ ಹೋಗುವ ಚಪ್ಪಟೆ ಕೇಬಲ್‌ನ ತುದಿಗೆ ಒಂದು ಹನಿ ಇಂಕ್ ಅಥವಾ ಫ್ಲಶ್ (ಹೆಡ್ ತೊಳೆಯುವ ದ್ರಾವಣ) ತಾಗಿದರೆ ಶಾರ್ಟ್ ಆಗುತ್ತದೆ. ಹೆಡ್ ಮತ್ತು ಬೋರ್ಡ್ ಎರಡೂ ಒಟ್ಟಿಗೆ ಹೋಗಬಹುದು.

ನಮ್ಮಲ್ಲೇ ಆದದ್ದು. ಒಂದು ಮಳೆಗಾಲದ ಬೆಳಗ್ಗೆ ಮೆಜೆಂಟಾ ಅರ್ಧಕ್ಕರ್ಧ ಇರಲಿಲ್ಲ. ಫೋನಿನಲ್ಲಿ ಇಬ್ಬರು "ಹೆಡ್ ಹೋಗಿದೆ, ಹೊಸದು ಹಾಕಿಸಿ" ಎಂದರು. ಮೂರನೆಯವರು ಮಾತ್ರ ಕೇಬಲ್ ತುದಿಯ ಫೋಟೋ ಕಳಿಸಿ ಅಂದರು. ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಎರಡು ತಾಮ್ರದ ಗೆರೆಗಳ ನಡುವೆ ಅರ್ಧ ಸಾಸಿವೆ ಕಾಳಿನಷ್ಟು ಗುಲಾಬಿ ಚುಕ್ಕೆ. ಸುತ್ತ ಹಸಿರು ಕಿಲುಬು. ಪುಣ್ಯಕ್ಕೆ ಕೇಬಲ್ ಬದಲಿಸಿದ್ದರಲ್ಲೇ ಮುಗಿಯಿತು. ಅಂದಿನಿಂದ, ಫೋಟೋ ಕೇಳದೆ ಹೆಡ್ ಹೋಗಿದೆ ಎನ್ನುವವರನ್ನು ನಾನು ನಂಬುವುದಿಲ್ಲ.

ಕಟ್ಟಿದ ಹೆಡ್‌ಗೆ ಸಿರಿಂಜಿನಿಂದ ಜೋರಾಗಿ ಒತ್ತಬೇಡಿ. ತಿನ್ನರ್, ಅಸಿಟೋನ್ ಬೇಡವೇ ಬೇಡ, ಹೆಡ್‌ನ ಒಳಗಿನ ಅಂಟು ಕರಗುತ್ತದೆ. ನಿಮ್ಮ ಇಂಕಿಗೆ ಹೊಂದುವ ಯುವಿ ಫ್ಲಶ್ ಮಾತ್ರ ಬಳಸಿ. ಇಂಕ್ ಮುಗಿಯಿತೆಂದು ಬೇರೆ ಕಂಪನಿಯದ್ದನ್ನು ಮೇಲಿಂದ ಮೇಲೆ ಸುರಿಯಬೇಡಿ, ಎರಡು ಸೇರಿ ಲೋಳೆಯಾದರೆ ಪೈಪಿನಿಂದ ಹೆಡ್‌ತನಕ ಎಲ್ಲ ಹಾಳು. ಕೈಗೆ ನೈಟ್ರೈಲ್ ಗ್ಲೌಸ್ ಇರಲಿ. ಯುವಿ ಇಂಕ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಶುರುವಾಗುತ್ತದೆ, ಒಮ್ಮೆ ಶುರುವಾದರೆ ಬಿಡುವುದು ಕಷ್ಟ.

4. ಇಂಜಿನಿಯರ್‌ಗೆ ಮೊದಲು ಇಲೆಕ್ಟ್ರಿಶಿಯನ್

ಇದನ್ನು ಬಿಟ್ಟು ನೇರ ಮುಂದಕ್ಕೆ ಹೋಗುವವರೇ ಜಾಸ್ತಿ. ಆದರೆ ಅರ್ಥಿಂಗ್ ಸರಿ ಇಲ್ಲದ ಕಡೆ ಹೊಸ ಬೋರ್ಡ್ ಹಾಕಿದರೆ ಅದೂ ಸುಡುತ್ತದೆ. ನಮ್ಮದು ಚಿರೆಕಲ್ಲಿನ ನೆಲ. ಮಳೆಗಾಲದಲ್ಲಿ ಅರ್ಥ್ ಗುಂಡಿ ಒದ್ದೆ ಇರುತ್ತದೆ, ಏಪ್ರಿಲ್ ಬಂತೆಂದರೆ ಒಣಗಿ ಅರ್ಥ್ ಇದ್ದೂ ಇಲ್ಲದ ಹಾಗೆ. ಮಷಿನ್‌ಗೆಂದೇ ಬೇರೆ ಅರ್ಥಿಂಗ್ ಮಾಡಿಸಿ, ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿಸಿ. 2-3 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಮೊದಲು ಅದನ್ನು ಸರಿಮಾಡಿಸಿ.

ಹೆಸ್ಕಾಂ ಲೈನ್ ಮೇಲೆ ಮಳೆಗಾಲದಲ್ಲಿ ಮರ ಬೀಳುವುದು, ಗಂಟೆಗಟ್ಟಲೆ ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಕರೆಂಟ್ ಹೋದಾಗ ನೆಗೆಟಿವ್ ಪ್ರೆಶರ್ ಪಂಪ್ ನಿಂತು ಇಂಕ್ ತೊಟ್ಟಿಕ್ಕುತ್ತದೆ. ಕಂಪ್ಯೂಟರ್, ಬೋರ್ಡ್, ಆ ಪಂಪ್ ಮೂರಕ್ಕಾದರೂ ಆನ್‌ಲೈನ್ ಯುಪಿಎಸ್, ಅಂದರೆ ಕರೆಂಟ್ ಹೋದರೂ ಒಂದು ಕ್ಷಣವೂ ಕಡಿಯದ ಜಾತಿಯ ಯುಪಿಎಸ್, ಇರಬೇಕು. ಕಂಟ್ರೋಲ್ ಪ್ಯಾನೆಲ್‌ನ ಕೇಬಲ್ ತೂತುಗಳನ್ನೂ ಮುಚ್ಚಿಸಿ. ಹಲ್ಲಿ ಒಳಗೆ ಹೋಗಿ ಶಾರ್ಟ್ ಆಗುವುದು ಮಲೆನಾಡಿನ ಅಂಗಡಿಗಳಲ್ಲಿ ನಿಜವಾಗಿ ಆಗುವ ಮಾತು.

5. ಯಾರನ್ನು ಎಲ್ಲಿ ಹುಡುಕಬೇಕು

ಮೊದಲು ಮಷಿನ್ ಮೈಮೇಲೆ ಹುಡುಕಿ. ಪ್ಯಾನೆಲ್ ಬಾಗಿಲಿನ ಒಳಗಡೆ, ಕಂಪ್ಯೂಟರ್ ಕ್ಯಾಬಿನೆಟ್ ಮೇಲೆ ಹಿಂದೆ ಸರ್ವೀಸ್ ಮಾಡಿದವರ ಸ್ಟಿಕ್ಕರ್ ಇರುತ್ತದೆ. ಪೆನ್ನಿನಲ್ಲಿ ಬರೆದ ನಂಬರ್ ಆದರೂ ಇರುತ್ತದೆ. ಆ ಮಷಿನ್ ಬಿಚ್ಚಿ ನೋಡಿದವರಿಗಿಂತ ಒಳ್ಳೆಯವರು ಬೇರೆ ಯಾರು ಸಿಕ್ಕಾರು? ಮಾರಿದವರಿಗೂ ಫೋನ್ ಮಾಡಿ, "ನಿಮ್ಮಲ್ಲಿಗೆ ಯಾರು ಬರುತ್ತಿದ್ದರು?" ಎಂದು ಕೇಳಿ.

ಎರಡನೆಯದು ಕಂಪನಿ ಅಥವಾ ಅದರ ಭಾರತದ ಡೀಲರ್. ಮಿಮಾಕಿ, ರೋಲ್ಯಾಂಡ್, ಕ್ಯಾನನ್ ಆರಿಜೋನಾ, ಅಗ್ಫಾ ಇಂಥ ಮಷಿನ್ ಆದರೆ ಸೀರಿಯಲ್ ನಂಬರ್ ಕೊಟ್ಟು ಕೇಳಿ. ಹಳೆಯ ಮಾಡೆಲ್‌ಗೆ ಬಿಡಿಭಾಗ ಇನ್ನೂ ಸಿಗುತ್ತದೆಯಾ, ಎರಡನೇ ಮಾಲೀಕರಿಗೆ ಸರ್ವೀಸ್ ಕೊಡುತ್ತಾರಾ ಎಂದು ಇಮೇಲ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿ ಇರಲಿ.

ಮೂರನೆಯದು, ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು: ಸ್ವತಂತ್ರವಾಗಿ ಕೆಲಸ ಮಾಡುವ ಇಂಜಿನಿಯರ್‌ಗಳು. ಇವರಲ್ಲಿ ಹೆಚ್ಚಿನವರಿಗೆ ನಾಮಫಲಕ ಹಾಕಿದ ಅಂಗಡಿ ಇರುವುದಿಲ್ಲ. ಇವರ ನಂಬರ್ ಸಿಗುವುದು ಇಂಕ್ ಮತ್ತು ಮೀಡಿಯಾ (ಪ್ರಿಂಟ್ ಮಾಡುವ ಶೀಟ್, ರೋಲ್) ಮಾರುವವರ ಹತ್ತಿರ. ನಿಮಗೆ ಸನ್‌ಬೋರ್ಡ್, ವಿನೈಲ್, ಫ್ಲೆಕ್ಸ್ ರೋಲ್ ಕಳಿಸುವ ಹುಬ್ಬಳ್ಳಿ ಅಥವಾ ಮಂಗಳೂರಿನ ಹೋಲ್‌ಸೇಲ್‌ನವರನ್ನು ಕೇಳಿ. ಯಾವ ಅಂಗಡಿಯಲ್ಲಿ ಯಾವ ಮಷಿನ್ ಇದೆ, ಅದಕ್ಕೆ ಯಾರು ಬರುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಅದೇ ಬೋರ್ಡಿನ ಮಷಿನ್ ಇರುವ ಇನ್ನೊಬ್ಬ ಮಾಲೀಕರ ಪರಿಚಯ ಆದರೆ ಇನ್ನೂ ಒಳ್ಳೆಯದು. ಒಂದೇ ಊರಿನ ಪೈಪೋಟಿಯವರು ಹೇಳಲು ಹಿಂಜರಿಯಬಹುದು, ದೂರದ ಊರಿನವರು ಹೇಳುತ್ತಾರೆ.

ದಿಕ್ಕು ಆರಿಸುವಾಗ ದಾರಿ ನೋಡಿ. ಕಾರವಾರ, ಅಂಕೋಲಾದವರಿಗೆ ಗೋವಾದ ಮಡಗಾಂವ್ ಹತ್ತಿರ. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ. ಹೊನ್ನಾವರ, ಭಟ್ಕಳದವರಿಗೆ ಉಡುಪಿ, ಮಂಗಳೂರು. ಬೆಂಗಳೂರಿನಿಂದ ಕರೆಸುವುದಾದರೆ ಪಂಚಗಂಗಾ ರೈಲು ರಾತ್ರಿಯೆಲ್ಲ ಓಡಿ ಬೆಳಗ್ಗೆ ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ ಮೇಲೆ ಕಾರವಾರಕ್ಕೆ ಬರುತ್ತದೆ. ಶಿರಸಿಗೆ ರೈಲಿಲ್ಲ, ಬಸ್ಸೇ ಗತಿ.

ಇನ್ನು ಹೆಡ್, ಬೋರ್ಡ್ ಅಲ್ಲದ ಭಾಗಗಳು. ಚಿಲ್ಲರ್‌ಗೆ ನಿಮ್ಮೂರಿನ ಎಸಿ-ಫ್ರಿಜ್ ಮೆಕ್ಯಾನಿಕ್ ಸಾಕು. ನೀರು ಮಾತ್ರ ಡಿಸ್ಟಿಲ್ಡ್ ಹಾಕಿ. ಬೋರ್‌ವೆಲ್ ನೀರಿನಿಂದ ಪೈಪಿನಲ್ಲಿ ಕಿಟ್ಟ ಕಟ್ಟುತ್ತದೆ. ಸರ್ವೋ ಮೋಟಾರು (ಕ್ಯಾರೇಜ್ ಓಡಿಸುವ ಮೋಟಾರು), ಅದನ್ನು ನಡೆಸುವ ಡ್ರೈವ್ ಕೆಲಸಕ್ಕೆ ಹುಬ್ಬಳ್ಳಿಯ ಗೋಕುಲ್ ರೋಡ್, ತಾರಿಹಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ವಿಚಾರಿಸಿ. ಕಾರವಾರದವರು ಶಿರವಾಡ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಗಳಲ್ಲಿ ಅವರ ಮೋಟಾರು ಕೆಲಸಕ್ಕೆ ಯಾರು ಬರುತ್ತಾರೆ ಎಂದು ಕೇಳಬಹುದು. ಸಿಎನ್‌ಸಿ ರೂಟರ್, ಲೇಸರ್ ರಿಪೇರಿ ಮಾಡುವವರು ರೈಲು, ಬೇರಿಂಗ್, ಬೆಲ್ಟ್ ಬದಲಿಸಬಲ್ಲರು. ತುಕ್ಕು ಹಿಡಿದ ಬ್ರಾಕೆಟ್, ಶಾಫ್ಟ್ ಮಾಡಿಸಲು ಬೋಟಿನ ಕೆಲಸ ಮಾಡುವ ಲೇತ್‌ನವರು ಇದ್ದಾರೆ. ಉಪ್ಪುಗಾಳಿಗೆ ಯಾವ ಲೋಹ ನಿಲ್ಲುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

6. ಫೋನಿನಲ್ಲಿ ಕೇಳಬೇಕಾದದ್ದು

ಮೂರು ನಾಝಲ್ ಚೆಕ್ ಫೋಟೋ, ಎರರ್ ಸ್ಕ್ರೀನ್, ಕ್ಯಾರೇಜ್ ಓಡುವ ವಿಡಿಯೋ, ಜಾತಕದ ಫೋಟೋಗಳು. ಇಷ್ಟನ್ನು ವಾಟ್ಸಾಪ್ ಮಾಡಿ. ಆಮೇಲೆ ಕೇಳಿ: ಈ ಬೋರ್ಡ್, ಈ ಹೆಡ್ ಮೇಲೆ ಮುಂಚೆ ಕೆಲಸ ಮಾಡಿದ್ದೀರಾ? ಕೊನೆಯದಾಗಿ ಕೆಲಸ ಮಾಡಿದ ಇಬ್ಬರು ಮಾಲೀಕರ ನಂಬರ್ ಕೊಡುತ್ತೀರಾ? ವಿಸಿಟ್ ಚಾರ್ಜ್ ದಿನಕ್ಕಾ, ಕೆಲಸಕ್ಕಾ? ಬಸ್ಸು, ರೂಮು, ಊಟ ಯಾರದ್ದು? ಸರಿಯಾಗದಿದ್ದರೆ ಎಷ್ಟು ಕೊಡಬೇಕು? ಬರುವಾಗ ಯಾವ ಬಿಡಿಭಾಗ ತರುತ್ತೀರಿ?

ಕೊನೆಯದ್ದು ಮರೆಯಬೇಡಿ. ಬೆಂಗಳೂರಿನಿಂದ ಬಂದವರು "ಡ್ಯಾಂಪರ್ ಬೇಕಿತ್ತು, ತಂದಿಲ್ಲ" ಅಂದರೆ ಒಂದು ವಿಸಿಟ್ ದಂಡ.

ಗುರುತಿಲ್ಲದವರಿಗೆ ಬಿಡಿಭಾಗಕ್ಕೆಂದು ಪೂರ್ತಿ ಹಣ ಮುಂಗಡ ಕಳಿಸಬೇಡಿ. ನೆಟ್‌ನಲ್ಲಿ ಸಿಕ್ಕ ನಂಬರ್ ಕಂಪನಿಯದ್ದೇ ಎಂದು ನಂಬುವ ಮೊದಲು ಕಂಪನಿಯ ಅಧಿಕೃತ ಜಾಲತಾಣದಲ್ಲಿರುವ ನಂಬರಿಗೆ ಕರೆ ಮಾಡಿ ಖಚಿತ ಮಾಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಹೆಡ್ ಕೊಡುತ್ತೇವೆ ಎಂದರೆ, ಅದು ಹಿಂದೆ ಯಾವ ಇಂಕಿನಲ್ಲಿ ಓಡಿತ್ತು ಎಂದು ಕೇಳಿ, ಸೀರಿಯಲ್ ನಂಬರ್ ಕಾಣುವಂತೆ ನಾಝಲ್ ಚೆಕ್ ವಿಡಿಯೋ ತರಿಸಿಕೊಳ್ಳಿ.

ಎನಿಡೆಸ್ಕ್ ಸಾಫ್ಟ್‌ವೇರ್ ಹಾಕಿ ನಿಮ್ಮ ಕಂಪ್ಯೂಟರನ್ನು ದೂರದಿಂದಲೇ ನೋಡುತ್ತೇನೆ ಅಂದರೆ ಒಪ್ಪಬಹುದು, ಎಷ್ಟೋ ಸೆಟಿಂಗ್ ತೊಂದರೆ ಹಾಗೇ ಮುಗಿಯುತ್ತದೆ. ಅದಕ್ಕೆ ಮುಂಚೆ ಮಷಿನ್ ಪ್ಯಾರಾಮೀಟರ್ ಮತ್ತು ವೇವ್‌ಫಾರ್ಮ್ ಫೈಲ್ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ವೇವ್‌ಫಾರ್ಮ್ ಅಂದರೆ ಹನಿ ಹೇಗೆ ಚಿಮ್ಮಬೇಕು ಎಂದು ಹೆಡ್‌ಗೆ ಹೇಳುವ ಫೈಲ್. ಫರ್ಮ್‌ವೇರ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾತ್ರ ಯುಪಿಎಸ್ ಇಲ್ಲದೆ ಮಾಡಲು ಬಿಡಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು.

ಬೋರ್ಡ್ ಮಾತ್ರ ಕಳಿಸಿ ಎಂದರೆ ಆ್ಯಂಟಿಸ್ಟ್ಯಾಟಿಕ್ ಕವರ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ ಪ್ಯಾಕ್ ಮಾಡಿ. ಜಿಎಸ್‌ಟಿ ಇರುವವರು ರಿಪೇರಿಗೆ ಎಂದು ಬರೆದ ಡೆಲಿವರಿ ಚಲನ್ ಇಡಿ. ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಗೋವಾಕ್ಕೆ ಕಳಿಸುವವರು ಮೌಲ್ಯ ಕಡಿಮೆ ಇದ್ದರೂ ಇದನ್ನು ಕೇಳಿ ತಿಳಿದುಕೊಳ್ಳಿ, ಅದು ಬೇರೆ ರಾಜ್ಯ.

7. ಇಂಜಿನಿಯರ್ ಬಂದ ದಿನ

ಪಕ್ಕದಲ್ಲೇ ನಿಲ್ಲಿ. ಯಾವ ಸ್ಕ್ರೂ, ಯಾವ ಕೇಬಲ್ ಎಂದು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಲು ಅನುಮತಿ ಕೇಳಿ, ಒಳ್ಳೆಯವರು ಬೇಡ ಅನ್ನುವುದಿಲ್ಲ. ತೆಗೆದ ಹಳೆಯ ಭಾಗ ನಿಮ್ಮ ಹತ್ತಿರವೇ ಇರಲಿ. ಹಣ ಕೊಡುವ ಮುಂಚೆ ಬರೀ ನಾಝಲ್ ಚೆಕ್ ನೋಡಿ ತೃಪ್ತಿಪಡಬೇಡಿ. ಒಂದು ಪೂರ್ತಿ ಶೀಟ್, ಬಿಳಿ ಇಂಕ್ ಸೇರಿಸಿ ಹೊಡೆಸಿ. ಅದಾದ ಮೇಲೆ ಒಂದು ಗಂಟೆ ನಿಲ್ಲಿಸಿ, ಮತ್ತೆ ನಾಝಲ್ ಚೆಕ್. ಗಾಳಿಯ ತೊಂದರೆ ಉಳಿದಿದ್ದರೆ ಆ ಗಂಟೆಯಲ್ಲಿ ಗೊತ್ತಾಗುತ್ತದೆ. ಬದಲಿಸಿದ ಸೆಟಿಂಗ್ ಎಲ್ಲ ನಿಮ್ಮ ನೋಟ್‌ಬುಕ್ಕಿಗೆ ಬರೆಸಿಕೊಳ್ಳಿ.

8. ಮೇ ತಿಂಗಳು ದಾಟಿಸಬೇಡಿ

ದೊಡ್ಡ ಸರ್ವೀಸ್ ಮಳೆಗೆ ಮುಂಚೆಯೇ ಆಗಲಿ. 2021ರ ಜುಲೈನಲ್ಲಿ ಅರಬೈಲ್ ಘಾಟ್ ಕುಸಿದು ಹುಬ್ಬಳ್ಳಿ ದಾರಿ ನಿಂತಿತ್ತು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಜರಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಮರು ತಿಂಗಳೇ ಕಾರವಾರದಿಂದ ಗೋವಾಕ್ಕೆ ಹೋಗುವ ದಾರಿಯ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಅಂಥ ಹೊತ್ತಿನಲ್ಲಿ ಮಷಿನ್ ರಿಪೇರಿಗೆ ಬನ್ನಿ ಎಂದು ಯಾರನ್ನೂ ಕರೆಯಲಾಗದು, ಕರೆಯಲೂಬಾರದು. ಹಾಗಾಗಿ ಡ್ಯಾಂಪರ್, ಫಿಲ್ಟರ್, ಒಂದು ಹೆಡ್ ಕೇಬಲ್, ಒಂದು ಪವರ್ ಸಪ್ಲೈ, ಎರಡು ಬಾಟಲಿ ಫ್ಲಶ್ ಜೂನ್‌ಗೆ ಮುಂಚೆ ಅಂಗಡಿಯಲ್ಲಿರಲಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ಕೆಲಸ ಹಿಡಿಯುವವರು ಜಾತ್ರೆಗೆ ಎರಡು ತಿಂಗಳ ಮುಂಚೆಯೇ ಇಂಜಿನಿಯರ್ ದಿನ ಗೊತ್ತು ಮಾಡಿಕೊಳ್ಳಿ.

ಮಳೆಗಾಲದಲ್ಲಿ ರೂಮಿನ ತೇವ 40ರಿಂದ 60 ಪರ್ಸೆಂಟ್ ನಡುವೆ ಇರಬೇಕು. ನಮ್ಮ ಕಡೆ ಎಸಿ ಅಥವಾ ಡಿಹ್ಯುಮಿಡಿಫೈಯರ್ ಇಲ್ಲದೆ ಅದು ಸಾಧ್ಯವಿಲ್ಲ. ಸಣ್ಣ ತೇವದ ಮೀಟರ್ ಒಂದನ್ನು ಮಷಿನ್ ಪಕ್ಕದ ಗೋಡೆಗೆ ತೂಗುಹಾಕಿ. ಕೆಲಸ ಇಲ್ಲದ ದಿನವೂ ಬೆಳಗ್ಗೆ ಬಿಳಿ ಇಂಕ್ ಕಲಕಿ, ಎಲ್ಲ ಬಣ್ಣ ಬರುವ ಒಂದು ಸಣ್ಣ ಪಟ್ಟಿ ಪ್ರಿಂಟ್ ಮಾಡಿ, ಅದರ ಮೇಲೆ ತಾರೀಖು ಬರೆದು ಫೈಲಿಗೆ ಸೇರಿಸಿ. ಮುಂದೆ ಯಾವತ್ತಾದರೂ ಇಂಜಿನಿಯರ್‌ಗೆ ಫೋನ್ ಮಾಡಿದಾಗ "ಯಾವಾಗಿನಿಂದ ಹೀಗೆ?" ಎಂದು ಕೇಳುತ್ತಾರಲ್ಲ, ಆಗ ಆ ಫೈಲ್ ತೆರೆದು ತಾರೀಖು ಹೇಳಬಹುದು.